ನಿಧಾನದ ಸದ್ದಿನ ವಾರಸುದಾರರು

ನಮ್ಮ ಕಡೆಯ ಮದುವೆ ಊಟಗಳಲ್ಲಿ ಕೊನೆಗೆ ಫ್ರೂಟ್ ಸಲಾಡ್ ಬಡಿಸುವ ಕಾಲವೊಂದಿತ್ತು. ಅದರಲ್ಲಿರುತ್ತಿದ್ದ ಹಳದಿ ಕಸ್ಟರ್ಡ್ ಪುಡಿಯ ತವರು ಬರ್ಮಿಂಗ್‌ಹ್ಯಾಮ್ ಎಂದು ನನಗೆ ತಿಳಿದದ್ದು ಈ ಊರಿಗೆ ಬಂದು ನೆಲೆಸಿದ ಎಷ್ಟೋ ವರ್ಷಗಳ ಮೇಲೆ. ಆಲ್ಫ್ರೆಡ್ ಬರ್ಡ್ ಎಂಬ ಇಲ್ಲಿನ ಔಷಧ ವ್ಯಾಪಾರಿ, ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಕಂಡುಹಿಡಿದ. ಅವನ ಹೆಸರಿನ ಕಾರ್ಖಾನೆ ಡಿಗ್ಬೆತ್ ಬಡಾವಣೆಯಲ್ಲಿ ಬೆಳೆದು, 1960ರ ದಶಕದಲ್ಲಿ ಬೇರೆ ಊರಿಗೆ ಹೋಯಿತು. ಕಟ್ಟಡಗಳಿಗೆ ಇವತ್ತಿಗೂ ಕಸ್ಟರ್ಡ್ ಫ್ಯಾಕ್ಟರಿ ಎಂದೇ ಹೆಸರು. ಒಳಗೆ ಈಗ ಚಿತ್ರಕಾರರು, ಕಾಫಿ ಅಂಗಡಿಗಳು, ಸಂಗೀತದ ಕೋಣೆಗಳು.

ಒಂದು ಚಳಿಗಾಲದ ಸಂಜೆ ಅಲ್ಲೇ ಸಮೀಪದಲ್ಲಿ, ರೈಲು ಸೇತುವೆಯ ಕಮಾನಿನ ಕೆಳಗಿನ ಕೋಣೆಯೊಂದರಲ್ಲಿ, ಇನ್ನೂರು ಜನರ ನಡುವೆ ನಾನು ನಾಲ್ಕು ಗಂಟೆ ನಿಂತಿದ್ದೆ. ಡೂಮ್ ಮೆಟಲ್ ಮತ್ತು ಸ್ಲಜ್ ಮೆಟಲ್ ನುಡಿಸುವ ಮೂರು ತಂಡಗಳ ಕಛೇರಿ ಅದು. ನನ್ನನ್ನು ಎಳೆದುಕೊಂಡು ಹೋದವನು ಬೆಂಗಳೂರಿನ ಗೆಳೆಯರೊಬ್ಬರ ಮಗ, ಎಂ.ಎಸ್‌ಸಿ. ಓದಲು ಬಂದಿದ್ದ ಹುಡುಗ.

"ಅಂಕಲ್, ನೀವು ಇಷ್ಟು ವರ್ಷದಿಂದ ಈ ಊರಲ್ಲಿದ್ದೀರಿ. ಡೂಮ್ ಒಂದು ಸಲಾನೂ ಕೇಳಿಲ್ವಾ? ಇದು ಹುಟ್ಟಿದ್ದೇ ಇಲ್ಲಿ" ಎಂದು ಅವನು ಕೇಳಿದಾಗ, ಹಂಪಿಯ ಪಕ್ಕದ ಹಳ್ಳಿಯಲ್ಲಿದ್ದೂ ಹಂಪಿ ನೋಡದವನ ನಾಚಿಕೆ ನನಗಾಯಿತು. ಬಾಗಿಲಲ್ಲಿ ಇಯರ್‌ಪ್ಲಗ್ ಕೊಟ್ಟರು. ಕೂದಲು ನೆರೆತ ನಾನು ಅಲ್ಲಿ ಎದ್ದು ಕಾಣುತ್ತೇನೆ ಎಂದುಕೊಂಡಿದ್ದೆ. ಒಳಗೆ ಹೋದರೆ ನನಗಿಂತ ಹಿರಿಯರೇ ಹತ್ತಾರು ಜನ, ಬಿಳಿ ಗಡ್ಡ ಬಿಟ್ಟುಕೊಂಡು, ಬಿಯರ್ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದರು.

ಮೊದಲ ತಂಡ ಮೊದಲ ಸ್ವರ ಬಾರಿಸಿತು. ನಾನು ಎರಡನೆಯದಕ್ಕೆ ಕಾದೆ. ಅದು ಬರಲಿಲ್ಲ. ಒಂದೇ ಸ್ವರ ಕೋಣೆಯನ್ನೆಲ್ಲ ತುಂಬಿಕೊಂಡು, ಅಂಗಿಯ ಗುಂಡಿಗಳನ್ನು ನಡುಗಿಸುತ್ತ ಹಾಗೇ ನಿಂತಿತು. ಕಿವಿಗೆ ಹತ್ತಿ ಇಟ್ಟುಕೊಂಡವನಿಗೆ ಅದು ಕಾಲಿನಿಂದ, ಎದೆಗೂಡಿನಿಂದ ಕೇಳುತ್ತಿತ್ತು. ಆಗ ನನಗೆ ನೆನಪಾದದ್ದು ಯಾವ ಹಾಡೂ ಅಲ್ಲ, ಬಾಲ್ಯದ ಒಂದು ಆಯುಧಪೂಜೆ.

ನನ್ನ ತಂದೆ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಯೊಂದರ ಪ್ರೆಸ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದರು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಮನೆಯವರನ್ನು ಒಳಗೆ ಬಿಡುತ್ತಿದ್ದರು. ಯಂತ್ರಗಳಿಗೆ ಬಾಳೆಕಂದು, ಚೆಂಡುಹೂವು, ಕುಂಕುಮ. ಪೂಜೆಯಾದ ಮೇಲೆ ಮಕ್ಕಳಿಗೆ ತೋರಿಸಲೆಂದು ಒಂದು ಪ್ರೆಸ್ಸನ್ನು ಒಂದೆರಡು ಸಲ ಓಡಿಸುತ್ತಿದ್ದರು. ಆ ಏಟು ಕಿವಿಗಿಂತ ಮೊದಲು ಅಂಗಾಲಿಗೆ ತಲುಪುತ್ತಿತ್ತು. ಕಡ್ಲೆಪುರಿ ಪೊಟ್ಟಣ ಹಂಚುತ್ತಿದ್ದ ಒಬ್ಬ ಮಾಮನ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ನಾವು ಆ ಕೈಯನ್ನೇ ನೋಡುತ್ತ ಪೊಟ್ಟಣ ತೆಗೆದುಕೊಳ್ಳುತ್ತಿದ್ದೆವು. ಅಪ್ಪನಿಗೆ ಐವತ್ತು ತುಂಬುವ ಹೊತ್ತಿಗೆ ಕಿವಿ ಅರ್ಧ ಹೋಗಿತ್ತು. ನಮ್ಮ ಮನೆಯಲ್ಲಿ ಪ್ರೀತಿಯ ಮಾತನ್ನೂ ಕೂಗಿಯೇ ಆಡಬೇಕಿತ್ತು. ಹಾಗಾಗಿ ಜೋರು ಸದ್ದೆಂದರೆ ನನಗೆ ಮೊದಲಿನಿಂದಲೂ ಆಗದು. ದುಡ್ಡು ಕೊಟ್ಟು ಅದನ್ನು ಕೇಳಲು ಬರುವ ಈ ಜನ ಯಾರು, ಈ ಸದ್ದು ಎಲ್ಲಿಂದ ಬಂತು ಎಂದು ತಿಳಿದುಕೊಳ್ಳಬೇಕೆಂಬ ಹಟ ಅಂದು ರಾತ್ರಿ ಹುಟ್ಟಿತು. ಹುಡುಕುತ್ತ ಹೋದಂತೆ ಆ ಚರಿತ್ರೆ ಶುರುವಾಗುವುದೂ ಬೆರಳು ತುಂಡಾದ ಒಂದು ಕೈಯಿಂದಲೇ ಎಂದು ತಿಳಿಯಿತು.

*

ಡಿಗ್ಬೆತ್‌ನಿಂದ ಉತ್ತರಕ್ಕೆ ಎರಡು ಮೈಲಿ ದಾಟಿದರೆ ಆಸ್ಟನ್. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಬಾಂಬುಗಳು ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳನ್ನು ಹುಡುಕಿಕೊಂಡು ಬಂದಿದ್ದವು. ಯುದ್ಧ ಮುಗಿದು ಹದಿನೈದು ವರ್ಷವಾದರೂ ಬಿದ್ದ ಮನೆಗಳ ಖಾಲಿ ನಿವೇಶನಗಳಲ್ಲಿ ಮಕ್ಕಳು ಆಡುತ್ತಿದ್ದರು. ಅಂಥ ಬೀದಿಗಳಲ್ಲಿ ಬೆಳೆದ ನಾಲ್ವರು ಟೋನಿ ಅಯೋಮಿ, ಗೀಜರ್ ಬಟ್ಲರ್, ಬಿಲ್ ವಾರ್ಡ್ ಮತ್ತು ಆಝಿ ಆಸ್ಬೋರ್ನ್. ಆಝಿ ಕಸಾಯಿಖಾನೆಯಲ್ಲಿ ದುಡಿದ, ಕಾರಿನ ಹಾರ್ನುಗಳ ಶ್ರುತಿ ಸರಿಪಡಿಸುವ ಕೆಲಸವನ್ನೂ ಮಾಡಿದ. ಅಯೋಮಿ ತಗಡಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ.

1965ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಅಯೋಮಿ ಗಿಟಾರ್ ನುಡಿಸುವುದನ್ನೇ ಜೀವನ ಮಾಡಿಕೊಳ್ಳಲು ಕೆಲಸ ಬಿಟ್ಟ. ಅದು ಕೆಲಸದ ಕೊನೆಯ ದಿನ. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗುವುದಿಲ್ಲ ಎಂದ. ಶುರು ಮಾಡಿದ ಕೆಲಸ ಮುಗಿಸಿಯೇ ಬಾ ಎಂದು ತಾಯಿ ಕಳಿಸಿದಳು. ಆ ದಿನ ಬಾರದಿದ್ದ ಇನ್ನೊಬ್ಬರ ಬದಲಿಗೆ, ತನಗೆ ಅಭ್ಯಾಸವಿಲ್ಲದ ಯಂತ್ರದ ಮುಂದೆ ಅವನನ್ನು ನಿಲ್ಲಿಸಿದ್ದರು. ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳಿನ ತುದಿಗಳು ಯಂತ್ರಕ್ಕೆ ಸಿಕ್ಕಿ ಹೋದವು. ಅವನು ಎಡಚ. ತಂತಿಗಳನ್ನು ಒತ್ತಿ ಹಿಡಿಯುವ ಕೈ ಅವನಿಗೆ ಬಲಗೈಯೇ.

ವೈದ್ಯರು ಗಿಟಾರ್ ಮರೆತುಬಿಡು ಎಂದರು. ಕಾರ್ಖಾನೆಯ ಮೇಲ್ವಿಚಾರಕರು ಒಂದು ರೆಕಾರ್ಡ್ ತಂದುಕೊಟ್ಟು ಕೇಳು ಎಂದರು. ಅದು ಜಾಂಗೋ ರೈನ್‌ಹಾರ್ಟ್‌ನ ಗಿಟಾರ್. ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳು ಸ್ವಾಧೀನ ತಪ್ಪಿದ ಮೇಲೂ ಯುರೋಪಿನ ದೊಡ್ಡ ಜಾಝ್ ವಾದಕನಾದವನು ಅವನು. ಅಯೋಮಿ ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ. ಮೇಲೆ ತೊಗಲಿನ ಚೂರು ಅಂಟಿಸಿದ. ದಪ್ಪ ತಂತಿ ಒತ್ತಲು ನೋವಾಗುತ್ತಿದ್ದುದರಿಂದ ತೆಳು ತಂತಿ ಹುಡುಕಿದ. ಅಂಗಡಿಯಲ್ಲಿ ಸಿಗದಾಗ ಬ್ಯಾಂಜೋದ ತಂತಿಗಳನ್ನು ಹಾಕಿಕೊಂಡ. ಮುಂದೆ ಅವನು ತಂತಿಗಳ ಬಿಗಿಯನ್ನೇ ಸಡಿಲಿಸಿದ. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮ್ಮಿನ ಹಲವು ಹಾಡುಗಳಲ್ಲಿ ಗಿಟಾರಿನ ಶ್ರುತಿ ಮೂರು ಅರ್ಧಸ್ವರಗಳಷ್ಟು ಕೆಳಗಿದೆ. ಗಿಟಾರಿನ ಅತಿ ಮಂದ್ರ ತಂತಿ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಅಷ್ಟು ಇಳಿಸಿದಾಗ ಸುಮಾರು 69 ಸಲ. ಸಡಿಲ ತಂತಿ, ತಗ್ಗಿದ ಶ್ರುತಿ, ಭಾರವಾದ ನಡೆ. ಗಾಯಗೊಂಡ ಕೈಗೆ ಸುಲಭವಾಗಲೆಂದು ಮಾಡಿಕೊಂಡ ವ್ಯವಸ್ಥೆ ಮುಂದೆ ಒಂದು ಇಡೀ ಸಂಗೀತ ಪಂಥದ ಲಕ್ಷಣವಾಯಿತು.

ತಂಡ ಕೂಡಿದ್ದು 1968ರಲ್ಲಿ. ಆಮೇಲೆ ಬೋರಿಸ್ ಕಾರ್ಲಾಫ್ ನಟಿಸಿದ ಭಯಾನಕ ಚಿತ್ರವೊಂದರ ಹೆಸರನ್ನೇ ಇಟ್ಟುಕೊಂಡು 'ಬ್ಲ್ಯಾಕ್ ಸ್ಯಾಬತ್' ಆಯಿತು. ಮೊದಲ ಆಲ್ಬಮ್ಮಿನ ಧ್ವನಿಮುದ್ರಣ ಲಂಡನ್ನಿನಲ್ಲಿ ಒಂದೇ ದಿನದಲ್ಲಿ ಮುಗಿದಿತ್ತು. ಅದು ಹೊರಬಂದದ್ದು 1970ರ ಫೆಬ್ರವರಿ 13, ಶುಕ್ರವಾರ. ಮಳೆಯ ಸದ್ದು, ಚರ್ಚಿನ ಗಂಟೆ, ಆಮೇಲೆ ಮೂರೇ ಸ್ವರಗಳು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಮೇಲಿನ ಷಡ್ಜ, ನಡುವಿನ ಪ್ರತಿಮಧ್ಯಮ. ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ಇರುವ ಅಂತರವನ್ನು ಹದಿನೆಂಟನೇ ಶತಮಾನದ ಯುರೋಪಿನ ಸಂಗೀತಶಾಸ್ತ್ರಜ್ಞರು ಸಂಗೀತದೊಳಗಿನ ಸೈತಾನ ಎಂದು ಕರೆದಿದ್ದರು. ಚರ್ಚು ಅದನ್ನು ನಿಷೇಧಿಸಿತ್ತೆಂಬ ಮಾತು ಬರಿಯ ದಂತಕಥೆ. ನಮ್ಮ ಎಪ್ಪತ್ತೆರಡು ಮೇಳಕರ್ತ ರಾಗಗಳಲ್ಲಿ ಸರಿಯಾಗಿ ಅರ್ಧ ಈ ಪ್ರತಿಮಧ್ಯಮದವು. ಕಲ್ಯಾಣಿ ಅವುಗಳಲ್ಲೊಂದು, ಅದರ ಹೆಸರೇ ಮಂಗಳ. ಅದೇ ಅಂತರ ಒಂದು ಕಡೆ ಮದುವೆ ಮಂಟಪ, ಇನ್ನೊಂದು ಕಡೆ ಮಸಣ. ಸ್ವರಕ್ಕೆ ತನ್ನದೇ ಆದ ಶಕುನ ಇಲ್ಲವೆಂದು ಇದರಿಂದ ನನಗನ್ನಿಸಿತು. ಅದು ಯಾರ ಕೈಯಲ್ಲಿದೆ, ಎಷ್ಟು ನಿಧಾನವಾಗಿ ಬರುತ್ತದೆ, ಸುತ್ತ ಯಾವ ಊರಿದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಇನ್ನೊಂದು ಸೋಜಿಗವನ್ನು ಆ ಹುಡುಗ ತೋರಿಸಿಕೊಟ್ಟ. ಈ ಸಂಗೀತದ ಗಿಟಾರ್ ಬಹುಪಾಲು ನುಡಿಸುವುದು 'ಪವರ್ ಕಾರ್ಡ್', ಅಂದರೆ ಷಡ್ಜ ಪಂಚಮಗಳನ್ನು ಒಟ್ಟಿಗೆ. ನಮ್ಮ ತಂಬೂರಿಯ ಜೋಡಿಯೇ ಅದು. ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ದುಡಿಸಿದಾಗ ಸ್ವರ ಒಡೆದು, ಒಂದೊಂದು ಸ್ವರದಿಂದ ಹತ್ತಾರು ಉಪಸ್ವರಗಳು ಏಳುತ್ತವೆ. ಗಾಂಧಾರವನ್ನು ಸೇರಿಸಿದರೆ ಅವೆಲ್ಲ ಒಂದಕ್ಕೊಂದು ಡಿಕ್ಕಿ ಹೊಡೆದು ಕಲಸುಮೇಲೋಗರವಾಗುತ್ತದೆ. ಷಡ್ಜ ಪಂಚಮಗಳಾದರೆ ಹೊಂದಿಕೊಂಡು ಗಟ್ಟಿಯಾಗಿ ನಿಲ್ಲುತ್ತವೆ. ಕಮಾನಿನ ಕೆಳಗೆ ನಾನು ಎದೆಯಲ್ಲಿ ಕೇಳಿದ ಆ ಒಂಟಿ ಸ್ವರ, ಕೋಪಗೊಂಡ ತಂಬೂರಿ. ಅಯೋಮಿ ಬಳಸುತ್ತಿದ್ದ ಲೇನಿ ಆಂಪ್ಲಿಫೈಯರ್ ಕೂಡ 1967ರಲ್ಲಿ ಶುರುವಾದ ಬರ್ಮಿಂಗ್‌ಹ್ಯಾಮಿನ ತಯಾರಿಕೆಯೇ.

*

ಬ್ಲ್ಯಾಕ್ ಸ್ಯಾಬತ್ ಇಡೀ ಹೆವಿ ಮೆಟಲ್ಲಿಗೆ ಮೂಲಪುರುಷ ಎನ್ನುತ್ತಾರೆ. ಆದರೆ ಮಕ್ಕಳಲ್ಲಿ ಹೆಚ್ಚಿನವರು ವೇಗದ ದಾರಿ ಹಿಡಿದರು. 1980ರ ದಶಕದಲ್ಲಿ ಅಮೆರಿಕದ ಮೆಟಾಲಿಕಾ, ಸ್ಲೇಯರ್ ತಂಡಗಳು ಎಷ್ಟು ಬೇಗ ನುಡಿಸಬಹುದೆಂದು ತೋರಿಸುವುದರಲ್ಲಿ ಮುಳುಗಿದ್ದವು. ನಿಧಾನದ ದಾರಿಯಲ್ಲಿ ಉಳಿದವರು ಕೆಲವರೇ: ವರ್ಜೀನಿಯಾದ ಪೆಂಟಗ್ರಾಮ್, ಷಿಕಾಗೋದ ಟ್ರಬಲ್, ಲಾಸ್ ಏಂಜಲೀಸಿನ ಸೇಂಟ್ ವೈಟಸ್, ನಮ್ಮ ಪಕ್ಕದ ಸ್ಟೌರ್‌ಬ್ರಿಜ್‌ನ ವಿಚ್‌ಫೈಂಡರ್ ಜನರಲ್. ದುಡ್ಡೂ ಇಲ್ಲ, ಹೆಸರೂ ಇಲ್ಲ. 1986ರಲ್ಲಿ ಸ್ವೀಡನ್ನಿನ ಕ್ಯಾಂಡಲ್‌ಮಾಸ್ ತನ್ನ ಮೊದಲ ಆಲ್ಬಮ್ಮಿಗೆ ಲ್ಯಾಟಿನ್ನಿನಂತೆ ಕೇಳಿಸುವ 'ಎಪಿಕಸ್ ಡೂಮಿಕಸ್ ಮೆಟಾಲಿಕಸ್' ಎಂಬ ಹೆಸರಿಟ್ಟಿತು. ಅಲ್ಲಿಂದ ಡೂಮ್ ಎಂಬ ಮಾತು ಗಟ್ಟಿಯಾಯಿತು. ಡೂಮ್ ಎಂದರೆ ತಪ್ಪಿಸಿಕೊಳ್ಳಲಾಗದ ಗತಿ, ವಿಧಿ.

ವಿಚಿತ್ರವೆಂದರೆ ಲೋಕದ ಅತಿ ವೇಗದ ಸಂಗೀತವೂ ಇದೇ ಊರಿನದು. ಇವತ್ತು ಬಾಲ್ಟಿ ಹೋಟೆಲುಗಳಿಗೆ ಹೆಸರಾದ ಸ್ಪಾರ್ಕ್‌ಹಿಲ್‌ನಲ್ಲಿ ಮರ್ಮೇಡ್ ಎಂಬ ಪಬ್ ಇತ್ತು. ಅದರ ಮಹಡಿಯ ಮೇಲೆ ನೇಪಾಮ್ ಡೆತ್ ಎಂಬ ತಂಡ ಸೆಕೆಂಡುಗಳಲ್ಲಿ ಮುಗಿಯುವ ಹಾಡುಗಳನ್ನು ನುಡಿಸುತ್ತಿತ್ತು. ಅದರ ಗಾಯಕ ಲೀ ಡೋರಿಯನ್ 1989ರಲ್ಲಿ ತಂಡ ಬಿಟ್ಟು ನೇರ ಎದುರು ದಿಕ್ಕಿಗೆ ನಡೆದ. ಅವನು ಕಟ್ಟಿದ ಕೆಥೀಡ್ರಲ್ ತಂಡದ 1991ರ ಮೊದಲ ಆಲ್ಬಮ್, ಹೂತುಹೋದ ಗಾಡಿಯನ್ನು ಎಳೆಯುವಷ್ಟು ನಿಧಾನ. ಅವನ ಧ್ವನಿಮುದ್ರಣ ಸಂಸ್ಥೆ ರೈಸ್ ಅಬವ್ ಮುಂದೆ ಇಂಥ ತಂಡಗಳಿಗೆಲ್ಲ ಆಸರೆಯಾಯಿತು. ಅದೇ ಹೊತ್ತಿಗೆ ಯಾರ್ಕ್‌ಷೈರಿನ ಉಣ್ಣೆ ಗಿರಣಿಗಳ ಊರುಗಳಲ್ಲೂ ಡೂಮ್ ಮೊಳೆಯಿತು. ಹ್ಯಾಲಿಫ್ಯಾಕ್ಸ್‌ನಿಂದ ಪ್ಯಾರಡೈಸ್ ಲಾಸ್ಟ್, ಬ್ರಾಡ್‌ಫರ್ಡ್‌ನಿಂದ ಮೈ ಡೈಯಿಂಗ್ ಬ್ರೈಡ್. ಪಿಟೀಲಿನ ಅಳುವನ್ನು ಈ ಸಂಗೀತಕ್ಕೆ ತಂದವರು ಇವರು.

ಸ್ಲಜ್‌ನ ಹುಟ್ಟು ಅಟ್ಲಾಂಟಿಕ್ಕಿನ ಆಚೆ. ಸ್ಲಜ್ ಎಂದರೆ ಕೆಸರು, ಚರಂಡಿಯ ತಳದ ರೊಚ್ಚು. ಪಂಕ್ ಹುಡುಗರ ಸಿಟ್ಟು ಮತ್ತು ಸ್ಯಾಬತ್‌ನ ಭಾರ ಕೂಡಿದ್ದರಿಂದ ಅದು ಬಂತು. ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಫ್ಲ್ಯಾಗ್ ಎಂಬ ಪಂಕ್ ತಂಡ 1984ರ 'ಮೈ ವಾರ್' ಆಲ್ಬಮ್ಮಿನ ಎರಡನೇ ಬದಿಯನ್ನು ಇದ್ದಕ್ಕಿದ್ದಂತೆ ನಿಧಾನಗೊಳಿಸಿ ತನ್ನ ಅಭಿಮಾನಿಗಳನ್ನೇ ಸಿಟ್ಟಿಗೆಬ್ಬಿಸಿತ್ತು. ವಾಷಿಂಗ್ಟನ್ ರಾಜ್ಯದ ಮರ ಕಡಿಯುವ ಸೀಮೆಯಲ್ಲಿ 1983ರಲ್ಲಿ ಕೂಡಿದ ಮೆಲ್ವಿನ್ಸ್ ತಂಡ ಆ ನಿಧಾನವನ್ನೇ ಕಸುಬು ಮಾಡಿಕೊಂಡಿತು. ಅವರ ಅಭ್ಯಾಸ ನೋಡಲು ಬರುತ್ತಿದ್ದ ಊರ ಹುಡುಗರಲ್ಲಿ ಮುಂದೆ ನಿರ್ವಾಣ ತಂಡ ಕಟ್ಟಿದ ಕರ್ಟ್ ಕೊಬೇನ್ ಕೂಡ ಒಬ್ಬ.

ಆದರೆ ಸ್ಲಜ್ ಮನೆ ಮಾಡಿದ್ದು ನ್ಯೂ ಆರ್ಲಿಯನ್ಸಿನಲ್ಲಿ. ಮಿಸಿಸಿಪ್ಪಿಯ ಮುಖದ ಆ ಜೌಗು ಸೀಮೆಯಲ್ಲಿ 1988ರಲ್ಲಿ ಐಹೇಟ್‌ಗಾಡ್, ಅದರ ಬೆನ್ನಿಗೆ ಕ್ರೋಬಾರ್, ಹೂಮಾ ಪಟ್ಟಣದಿಂದ ಆಸಿಡ್ ಬಾತ್ ಬಂದವು. ಡೂಮ್‌ನ ಗಾಯಕರು ಪುರಾಣ, ಸಾವು, ಸೈತಾನ ಎಂದು ಹಾಡುತ್ತಿದ್ದರೆ ಇವರು ಬಾಡಿಗೆ ಮನೆ, ಮಾದಕವಸ್ತು, ಜೈಲು, ಸೋತ ದೇಹ ಎಂದು ಕಿರುಚಿದರು. ಬೇರೆ ಸಂಗೀತಗಾರರು ಒರೆಸಿಹಾಕುವ ಆಂಪ್ಲಿಫೈಯರಿನ ಕಿರಿಚಾಟವನ್ನು ಹಾಡಿನೊಳಗೇ ಬಿಟ್ಟುಕೊಂಡರು. ಇದು ವೇಷವಲ್ಲ. ಐಹೇಟ್‌ಗಾಡ್‌ನ ಡ್ರಮ್ ವಾದಕ ಜೋಯಿ ಲಕಾಝ್ 2013ರಲ್ಲಿ ತೀರಿಕೊಂಡ. ಗಾಯಕ ಮೈಕ್ ವಿಲಿಯಮ್ಸ್ 2016ರಲ್ಲಿ ಯಕೃತ್ತಿನ ಕಸಿ ಆಗಿ ಬದುಕುಳಿದ. ಈ ಸಂಗೀತವನ್ನು ಮೆಚ್ಚಿ ಬರೆಯುವಾಗ ಅದರ ಬೆಲೆ ತೆತ್ತವರನ್ನು ಮರೆಯಬಾರದು.

ಆ ಸಂಜೆ ಎರಡನೆಯದಾಗಿ ನುಡಿಸಿದ್ದು ಸ್ಲಜ್ ತಂಡ. ಗಾಯಕ ಒಂದು ಮಾತೂ ಅರ್ಥವಾಗದಂತೆ ಕಿರುಚುತ್ತಿದ್ದ. ನನಗೆ ಕಷ್ಟವಾಯಿತು, ಹೊರಗೆ ಹೋಗಿ ನಿಂತೆ. ಅಲ್ಲಿ ಚಳಿಯಲ್ಲಿ ಸಿಗರೇಟು ಸೇದುತ್ತಿದ್ದ ಹಿರಿಯರೊಬ್ಬರು ತಾವು ಲಾಂಗ್‌ಬ್ರಿಜ್ ಕಾರು ಕಾರ್ಖಾನೆಯಲ್ಲಿ ದುಡಿದವರೆಂದು ಹೇಳಿಕೊಂಡರು. 2005ರ ಏಪ್ರಿಲ್‌ನಲ್ಲಿ ಆ ಕಾರ್ಖಾನೆ ಮುಳುಗಿ ಸುಮಾರು ಆರು ಸಾವಿರ ಜನ ಕೆಲಸ ಕಳೆದುಕೊಂಡಾಗ ನಾನು ಟೀವಿಯಲ್ಲಿ ನೋಡಿದ್ದೆ, ಅಷ್ಟೆ. ಅವರಿಗೆ ಅದು ಮೊನ್ನೆಯಂತಿತ್ತು. ಗಾಯಕನ ಕಿರುಚಾಟವನ್ನು ಅವರು ಹಳೆಯ ಗೆಳೆಯನ ಗೊಣಗಾಟದಂತೆ ತಲೆದೂಗುತ್ತ ಕೇಳುತ್ತಿದ್ದರು.

*

ಹಾಗಾದರೆ ಕಾರ್ಖಾನೆಯ ಸದ್ದೇ ಈ ಸಂಗೀತವಾಯಿತೇ? ಹೀಗೆ ಹೇಳುವುದು ಈ ಊರಿನಲ್ಲಿ ರೂಢಿ. ಪ್ರವಾಸೋದ್ಯಮದವರಿಗೂ ಅದು ಇಷ್ಟ. ಆದರೆ ನನಗೆ ಪೂರ್ತಿ ಒಪ್ಪಿಗೆಯಾಗದು. ಕಾರ್ಖಾನೆಗಳಿದ್ದ ಊರುಗಳಲ್ಲೆಲ್ಲ ಡೂಮ್ ಹುಟ್ಟಲಿಲ್ಲ. ಒಂದೇ ಹಾಡು ಒಂದು ಗಂಟೆ ಮೀರಿ ನಡೆಯುವ 'ಡೋಪ್‌ಸ್ಮೋಕರ್' ಎಂಬ ಪ್ರಸಿದ್ಧ ಆಲ್ಬಮ್ ಬಂದದ್ದು ಬಿಸಿಲಿನ ಸ್ಯಾನ್ ಹೋಸೆಯ ಸ್ಲೀಪ್ ತಂಡದಿಂದ. ಅದನ್ನು ಹೊರತರಲು ಅವರ ಕಂಪನಿ ಒಪ್ಪದೆ ತಂಡವೇ ಒಡೆಯಿತು.

ಅದಕ್ಕಿಂತ ಮುಖ್ಯವಾಗಿ, ಅದೇ ಕುಲುಮೆಗಳಲ್ಲಿ ಇನ್ನೊಂದು ಜನವೂ ಬೇಯುತ್ತಿತ್ತು. ಆಸ್ಟನ್ನಿನಿಂದ ಕೆಲವೇ ಮೈಲಿ ದೂರದ ಸ್ಮೆದಿಕ್‌ನ ಎರಕದ ಮನೆಗಳಿಗೆ 1950ರ ದಶಕದಿಂದ ಪಂಜಾಬಿನ ಗಂಡಸರು ಬಂದರು. ಬಿಳಿಯರು ಒಲ್ಲದ ಬಿಸಿಯ, ಭಾರದ ಕೆಲಸ ಅವರ ಪಾಲಿಗೆ. ಕೆಲವು ಪಬ್ಬುಗಳು ಅವರನ್ನು ಒಳಗೆ ಬಿಡುತ್ತಿರಲಿಲ್ಲ. ಮಾರ್ಷಲ್ ಸ್ಟ್ರೀಟಿನಲ್ಲಿ ಅವರಿಗೆ ಮನೆ ಸಿಗದಂತೆ ನೋಡಿಕೊಳ್ಳುವ ಯತ್ನಗಳು ನಡೆದಿದ್ದವು. ಅದನ್ನು ಕಣ್ಣಾರೆ ಕಾಣಲು 1965ರ ಫೆಬ್ರವರಿಯಲ್ಲಿ ಅಮೆರಿಕದಿಂದ ಮಾಲ್ಕಮ್ ಎಕ್ಸ್ ಬಂದಿದ್ದರು. ಅಯೋಮಿಯ ಬೆರಳು ಹೋದ ವರ್ಷವೇ ಅದು. 1967ರಲ್ಲಿ ಸ್ಮೆದಿಕ್‌ನಲ್ಲಿ ಭುಜಂಗಿ ಗ್ರೂಪ್ ಎಂಬ ಭಾಂಗ್ರಾ ತಂಡ ಹುಟ್ಟಿತು. ಮರುವರ್ಷ ಆಸ್ಟನ್ನಿನಲ್ಲಿ ಅಯೋಮಿಯ ತಂಡ. ಒಂದೇ ಹೊಗೆ, ಒಂದೇ ಬಡಿತ. ಒಬ್ಬರು ಮದುವೆ ಮನೆಯಲ್ಲಿ ಕುಣಿಯುವ ಸಂಗೀತ ಮಾಡಿದರು, ಇನ್ನೊಬ್ಬರು ಶವಯಾತ್ರೆಯ ನಡೆಯ ಸಂಗೀತ ಮಾಡಿದರು. ನಾವು ಕನ್ನಡಿಗರು ಆ ಕುಲುಮೆಗಳಿಗೆ ಬಂದವರಲ್ಲ. ನಮ್ಮವರು ಬಹುಮಟ್ಟಿಗೆ ಆಸ್ಪತ್ರೆಗಳಿಗೆ, ಆಮೇಲೆ ಕಂಪ್ಯೂಟರುಗಳ ಮುಂದಕ್ಕೆ ಬಂದವರು. ಅದಕ್ಕೇ ಇರಬೇಕು, ಈ ಎರಡು ಸಂಗೀತಗಳನ್ನೂ ನಾವು ಗೋಡೆಯಾಚೆಯ ಗದ್ದಲ ಎಂದುಕೊಂಡೇ ಇದ್ದುಬಿಟ್ಟೆವು.

ಯಂತ್ರ ಸಂಗೀತವನ್ನು ಹುಟ್ಟಿಸುವುದಿಲ್ಲ. ಯಂತ್ರ ಕಸಿದುಕೊಂಡದ್ದನ್ನು ಏನಾದರೂ ಮಾಡಿ ತುಂಬಿಕೊಳ್ಳುವ ಮನುಷ್ಯ ಹುಟ್ಟಿಸುತ್ತಾನೆ. ನನ್ನ ತಿಳಿವಳಿಕೆ ಇಷ್ಟೇ.

*

2025ರ ಜುಲೈ 5ರಂದು ಆಸ್ಟನ್ನಿನ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ ಬ್ಲ್ಯಾಕ್ ಸ್ಯಾಬತ್‌ನ ಕೊನೆಯ ಕಛೇರಿ ನಡೆಯಿತು. ಮೂಲದ ನಾಲ್ವರೂ ಒಟ್ಟಿಗೆ ವೇದಿಕೆ ಏರಿದ್ದು 2005ರ ನಂತರ ಅದೇ ಮೊದಲು. ನಲವತ್ತು ಸಾವಿರಕ್ಕೂ ಹೆಚ್ಚು ಜನ. ಮಧ್ಯಾಹ್ನ ಮೊದಲು ನುಡಿಸಿದ್ದು ಅಟ್ಲಾಂಟಾದ ಸ್ಲಜ್ ಬೇರಿನ ಮಾಸ್ಟಡಾನ್. ಮೆಟಾಲಿಕಾ, ಸ್ಲೇಯರ್, ಪ್ಯಾಂಟೆರಾ, ಟೂಲ್, ಹೀಗೆ ವೇಗದ ಮಕ್ಕಳೂ ನಿಧಾನದ ಮಕ್ಕಳೂ ಒಂದೇ ದಿನ ತವರಿಗೆ ಬಂದು ಒಂದೊಂದು ಹಾಡನ್ನಾದರೂ ತಂದೆಗೆ ಒಪ್ಪಿಸಿದರು. ಪಾರ್ಕಿನ್‌ಸನ್ ಕಾಯಿಲೆಯಿಂದ ನಡೆಯಲಾಗದ ಆಝಿ ಕಪ್ಪು ಸಿಂಹಾಸನದ ಮೇಲೆ ಕುಳಿತೇ ಹಾಡಿದ. ಬೆಳೆದ ಮನೆ ಅಲ್ಲಿಂದ ನಡೆದುಹೋಗುವ ದೂರ. ಹಣ ಹೋದದ್ದು ಪಾರ್ಕಿನ್‌ಸನ್ ಸಂಶೋಧನೆಗೆ ಮತ್ತು ಮಕ್ಕಳ ಆಸ್ಪತ್ರೆ, ಆರೈಕೆಗಳಿಗೆ. ಹದಿನೇಳು ದಿನ ಕಳೆದು, ಜುಲೈ 22ರಂದು ಆತ ತೀರಿಕೊಂಡ. ಬ್ರಾಡ್ ಸ್ಟ್ರೀಟಿನಲ್ಲಿ ಶವಯಾತ್ರೆ ಹೋದಾಗ ಊರೇ ರಸ್ತೆಯ ಇಕ್ಕೆಲಗಳಲ್ಲಿ ನಿಂತಿತ್ತು.

ಕಛೇರಿಗೆ ಒಂದು ವಾರ ಮೊದಲು ನಗರಸಭೆ ಆ ನಾಲ್ವರಿಗೆ ನಗರದ ಅತ್ಯುನ್ನತ ಗೌರವ ಕೊಟ್ಟಿತ್ತು. ಅದೇ ನಗರಸಭೆ 2023ರ ಸೆಪ್ಟೆಂಬರಿನಲ್ಲಿ ತನ್ನ ಕೈ ಖಾಲಿಯೆಂದು ಘೋಷಿಸಿತ್ತು, ಆಮೇಲೆ ಊರಿನ ದೊಡ್ಡ ಕಲಾಸಂಸ್ಥೆಗಳ ಅನುದಾನವನ್ನು ಎರಡು ವರ್ಷದಲ್ಲಿ ಪೂರ್ತಿ ನಿಲ್ಲಿಸಲು ತೀರ್ಮಾನಿಸಿತ್ತು. ಸ್ಟೇಷನ್ ಸ್ಟ್ರೀಟಿನಲ್ಲಿ ಕ್ರೌನ್ ಎಂಬ ಪಬ್ ಇದೆ. ಅದರ ಮಹಡಿಯ 'ಹೆನ್ರೀಸ್ ಬ್ಲೂಸ್‌ಹೌಸ್' ಎಂಬ ಮಂಗಳವಾರದ ಕೂಟದಲ್ಲಿ ಈ ಹುಡುಗರು ಮೊದಮೊದಲು ನುಡಿಸಿದ್ದರು. 2014ರಲ್ಲಿ ಅದು ಬಾಗಿಲು ಹಾಕಿತು. ಸತ್ತವರಿಗೆ ಹಾರ, ಹುಟ್ಟಿದ ಮನೆಗೆ ಬೀಗ. ಇದು ಬರ್ಮಿಂಗ್‌ಹ್ಯಾಮಿನ ಕಥೆ ಮಾತ್ರವಲ್ಲ ಎಂದು ನಮ್ಮ ಊರುಗಳಲ್ಲಿ ಕವಿಗಳ ಮನೆ ಹುಡುಕಿಕೊಂಡು ಹೋದ ಯಾರಿಗಾದರೂ ಗೊತ್ತು. ವಿಲ್ಲಾ ಪಾರ್ಕಿನಂಥ ದಿನ ಶತಮಾನಕ್ಕೊಂದು ಬರುತ್ತದೆ. ಪರಂಪರೆ ಉಳಿದಿರುವುದು ಇನ್ನೂರು ಜನ ಹಿಡಿಸುವ ಕೋಣೆಗಳಲ್ಲಿ. ಆ ಕೋಣೆಗಳು ಒಂದೊಂದಾಗಿ ಹೋದರೆ ಮುಂದಿನ ಅಯೋಮಿ ಎಲ್ಲಿ ನುಡಿಸಬೇಕು?

*

ಕಛೇರಿಯ ಬಿಡುವಿನಲ್ಲಿ ಹುಡುಗನನ್ನು ಕೇಳಿದೆ: "ನಿನಗೆ ಕಾರ್ಖಾನೆ ಗೊತ್ತಿಲ್ಲ, ಬಾಂಬು ಗೊತ್ತಿಲ್ಲ. ನಿನಗೇನಪ್ಪ ಇದರಲ್ಲಿ ಸಿಕ್ಕೋದು?"

"ಅಂಕಲ್, ಬೆಂಗಳೂರಲ್ಲಿ ಎಲ್ಲಾ ಓಡ್ತಾನೇ ಇರತ್ತೆ. ಟ್ರಾಫಿಕ್ ಒಂದು ಬಿಟ್ಟು" ಎಂದು ನಕ್ಕ. "ಇದು ಮಾತ್ರ ನಿಲ್ಲು ಅನ್ನತ್ತೆ."

ಆಗ ಅವನು ಹೇಳಿದ ಬೆಂಗಳೂರು ನನಗೆ ಗೊತ್ತಿಲ್ಲದ ಊರು. 2007ರ ಮಾರ್ಚಿನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಅದೇ ಮೈದಾನದಲ್ಲಿ ಮೆಟಾಲಿಕಾ ನುಡಿಸಿದ್ದು ನನಗೂ ಪತ್ರಿಕೆಗಳಿಂದ ಗೊತ್ತಿತ್ತು. 1998ರಿಂದಲೇ ಕ್ರಿಪ್ಟೋಸ್ ಎಂಬ ತಂಡ ಅಲ್ಲಿ ಮೆಟಲ್ ನುಡಿಸುತ್ತಿದೆಯೆಂದು ಗೊತ್ತಿರಲಿಲ್ಲ. ಡೂಮ್ ತಂಡಗಳೂ ಇವೆಯಂತೆ. 2013ರಲ್ಲಿ ಮೊದಲ ಆಲ್ಬಮ್ ತಂದ ಜಿನ್ ಅಂಡ್ ಮಿಸ್ಕಟಾನಿಕ್ ಒಂದು. ಇನ್ನೊಂದರ ಹೆಸರು ಹೇಳುವಾಗ ಹುಡುಗ ಸ್ವಲ್ಪ ಹಿಂಜರಿದ: "ಬೇವರ್ ಸೀ, ಅಂಕಲ್. 2012ರಲ್ಲಿ ಫಸ್ಟ್ ಆಲ್ಬಮ್. ಸೀ ಅಂದ್ರೆ ಸಮುದ್ರ. ಆದ್ರೆ... ನಿಮಗೆ ಅರ್ಥ ಆಯ್ತಲ್ಲ."

ಅರ್ಥವಾಗಿ ನಾನು ಜೋರಾಗಿ ನಕ್ಕೆ. ಇಂಗ್ಲಿಷಿನ ಸಮುದ್ರವೊಂದರ ವೇಷ ಹಾಕಿಕೊಂಡು ನಮ್ಮ ಬೀದಿಯ ಬೈಗುಳ ಲೋಕಸಂಚಾರ ಹೊರಟಿತ್ತು. ಹಾಡುಗಳು ಇಂಗ್ಲಿಷಿನವು. ಹೆಸರಿನ ಕುಚೋದ್ಯ ಮಾತ್ರ ಕನ್ನಡಿಗರಿಗೇ ಮೀಸಲು. ಆ ಮಾತು ಪಾರ್ಸಿ ಅರಬ್ಬಿಗಳಿಂದ ದಖನಿ ಉರ್ದುವಿನ ಮೂಲಕ ಬಂದದ್ದು. 'ಬೇ' ಎಂದರೆ ಇಲ್ಲದ. 'ವಾರಸು' ನಮ್ಮ ಕಂದಾಯ ಕಚೇರಿಗಳಲ್ಲಿ ಇವತ್ತಿಗೂ ಬದುಕಿದೆ. ಬೇವಾರ್ಸಿ ಎಂದರೆ ವಾರಸುದಾರರಿಲ್ಲದವನು, ಕೇಳುವವರಿಲ್ಲದವನು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ವಿಮರ್ಶಕರು ಮೂದಲಿಸಿದ, ಸಂಭಾವಿತರು ಬಾಗಿಲು ಹಾಕಿಕೊಂಡ, ಹುಟ್ಟಿದ ಊರೇ ಬಹುಕಾಲ ತನ್ನದೆಂದು ಹೇಳಿಕೊಳ್ಳದ ಸಂಗೀತ ಇದು. ಬರ್ಮಿಂಗ್‌ಹ್ಯಾಮ್ ವಸ್ತುಸಂಗ್ರಹಾಲಯದಲ್ಲಿ ಬ್ಲ್ಯಾಕ್ ಸ್ಯಾಬತ್ ಕುರಿತ ದೊಡ್ಡ ಪ್ರದರ್ಶನ ನಡೆದದ್ದು 2019ರಲ್ಲಿ, ತಂಡ ಹುಟ್ಟಿ ಐವತ್ತು ವರ್ಷ ದಾಟಿದ ಮೇಲೆ. ಅಷ್ಟರಲ್ಲಿ ವಾರಸುದಾರರು ಸ್ವೀಡನ್ನಿನಲ್ಲಿ, ನ್ಯೂ ಆರ್ಲಿಯನ್ಸಿನಲ್ಲಿ, ಬೆಂಗಳೂರಿನಲ್ಲಿ ಎದ್ದು ನಿಂತಿದ್ದರು. ಯಾರೂ ಅವರ ಹೆಸರಿಗೆ ಖಾತೆ ಮಾಡಿಕೊಟ್ಟಿರಲಿಲ್ಲ. ಕೇಳಿದವರದಾಯಿತು, ಅಷ್ಟೇ. ಪರದೇಶದಲ್ಲಿ ಕನ್ನಡ ಇಟ್ಟುಕೊಂಡಿರುವ ನಮಗೂ ಇದರಲ್ಲೊಂದು ಪಾಠವಿದೆ. ನಮ್ಮ ಮಕ್ಕಳು ವಾರಸುದಾರರಾಗುವುದು ರಕ್ತದಿಂದಲ್ಲ, ಕಿವಿಯಿಂದ.

ಮೂರನೆಯ ತಂಡ ಶುರು ಮಾಡುವ ಹೊತ್ತಿಗೆ ನಾನು ಕಿವಿಯ ಇಯರ್‌ಪ್ಲಗ್ ಇನ್ನಷ್ಟು ಒತ್ತಿಕೊಂಡೆ. ಇಲ್ಲಿನ ಕಾರ್ಖಾನೆಗಳ ಸದ್ದಿನಿಂದ ಕಾರ್ಮಿಕರ ಕಿವಿ ಕಾಯುವ 2005ರ ನಿಯಮಗಳು 2008ರಿಂದ ಸಂಗೀತದ ಕೋಣೆಗಳಿಗೂ ಅನ್ವಯವಾಗಿವೆ. ಪ್ರೆಸ್ ಶಾಪಿಗೂ ವೇದಿಕೆಗೂ ಕಾನೂನು ಒಂದೇ. ಅಪ್ಪನ ಕಾಲದಲ್ಲಿ ಅವರಿಗೆ ಹೀಗೆ ಒಂದು ಜೊತೆ ಹತ್ತಿಯನ್ನಾದರೂ ಯ‌ಾರಾದರೂ ಕೊಟ್ಟಿದ್ದರೆ ಎಂದುಕೊಂಡೆ. ಆಮೇಲೆ ಅದನ್ನೂ ಮರೆತು, ಸ್ವರ ಬರುವುದನ್ನು, ನಿಲ್ಲುವುದನ್ನು, ಇಳಿಯುವುದನ್ನು ಸುಮ್ಮನೆ ಕಾಯುತ್ತ ನಿಂತೆ. ಧಾರವಾಡದ ಕಡೆ ವಿಲಂಬಿತ ಖ್ಯಾಲ್ ಕೇಳಿ ಬೆಳೆದವರಿಗೆ ಈ ಕಾಯುವಿಕೆ ಹೊಸದಲ್ಲ. ಸಮ್ ಬರುವವರೆಗೆ ಉಸಿರು ಹಿಡಿದಿರುವುದು ಅದೇ ಸುಖ.

ಮರುದಿನ ಬೆಳಿಗ್ಗೆ ಬೆಂಗಳೂರಿಗೆ ಫೋನ್ ಮಾಡಿದೆ. ಅಪ್ಪನಿಗೆ ಈಗ ಎಂಬತ್ತು ದಾಟಿದೆ, ಕಿವಿಗೆ ಯಂತ್ರ ಹಾಕಿಕೊಳ್ಳುತ್ತಾರೆ. ಹಿಂದಿನ ರಾತ್ರಿ ಫೋನಿನಲ್ಲಿ ಹಿಡಿದಿದ್ದ ಒಂದು ನಿಮಿಷದ ತುಣುಕನ್ನು ಅವರಿಗೆ ಕೇಳಿಸಿದೆ. ಪೂರ್ತಿ ಕೇಳಿದರು.

"ಯಾವುದೋ ಇದು? ಬೇರಿಂಗ್ ಹೋಗಿರೋ ಮಷೀನ್ ಇದ್ದ ಹಾಗಿದೆ."

"ಸಂಗೀತ ಅಪ್ಪಾ, ಇಲ್ಲಿಯ ಹುಡುಗರದ್ದು" ಎಂದು ಕೂಗಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಇನ್ನೊಂದು ಸಲ ಹಾಕು ಎಂದರು. ಹಾಕಿದೆ.

"ಪರವಾಗಿಲ್ಲ, ನಿಧಾನಕ್ಕೆ ಓಡ್ತಿದೆ" ಎಂದರು ಅಪ್ಪ. "ಇಷ್ಟು ನಿಧಾನಕ್ಕೆ ಓಡಿದ್ರೆ ಯಾರ ಬೆರಳೂ ಹೋಗಲ್ಲ."